ಹರಕೆಯ ಆಟವೂ ಸಣ್ಣ ಧಣಿಗಳ ಲೆಕ್ಕವೂ

ಕಳೆದ ತಿಂಗಳು ಮುಂಬಯಿಯ ಒಂದು ಹೋಟೆಲಿನ ಗಲ್ಲಾದ ಬಳಿ ನಿಂತಿದ್ದಾಗ ನನ್ನ ಕಿವಿಗೆ ಬಿದ್ದ ಮಾತಿದು. ಹತ್ತು ವರ್ಷಗಳಿಂದ ಅಲ್ಲಿಯೇ ದುಡಿಯುತ್ತಿರುವ ಮಾಣಿಯೊಬ್ಬನು ಮುಂಗಡ ಕೇಳಲು ಬಂದಿದ್ದನು. ತಾಯಿ ಹೊತ್ತಿದ್ದ ಹರಕೆಯ ಯಕ್ಷಗಾನ ಸೇವೆಯನ್ನು ಅಣ್ಣತಮ್ಮಂದಿರು ಕೂಡಿ ಸಲ್ಲಿಸಬೇಕಾಗಿತ್ತು. ಗಲ್ಲಾದಲ್ಲಿ ಕುಳಿತಿದ್ದ ಧಣಿಗಳ ಮಗನು ನಕ್ಕು, "ಒಂದು ರಾತ್ರಿಯ ಕುಣಿತಕ್ಕೆ ಇಷ್ಟು ಹಣವೇ? ನೀವೆಲ್ಲ ಮೇಲೆ ಬಾರದಿರುವುದು ಇದರಿಂದಲೇ" ಎಂದನು. "ತಾಯಿಯ ಹರಕೆ, ಸಣ್ಣ ಧಣಿಗಳೇ" ಎಂದಷ್ಟೇ ಹೇಳಿ ಮಾಣಿ ಒಳಗೆ ಹೋದನು. ಆ ತರುಣನ ಮುಂದಿದ್ದ ಫೋನಿನ ಬೆಲೆ ಮಾಣಿಯ ನಾಲ್ಕು ತಿಂಗಳ ಸಂಬಳಕ್ಕೆ ಕಡಿಮೆಯಿರಲಾರದು.

ಕಟೀಲು ಮೇಳದ ಆಟಕ್ಕೆ ಹರಕೆ ಹೊತ್ತವರು ಎಷ್ಟೋ ವರ್ಷ ಸರದಿ ಕಾಯುತ್ತಾರೆಂಬುದು ನಮ್ಮವರಿಗೆಲ್ಲ ತಿಳಿದದ್ದೇ. ಆ ರಾತ್ರಿ ಊರಿಗೆ ಊರೇ ಅಂಗಳಕ್ಕೆ ಬರುತ್ತದೆ, ಬಂದವರಿಗೆಲ್ಲ ಊಟ, ಚೌಕಿಯಲ್ಲಿ ದೇವರ ಪೂಜೆ. ವರ್ಷವಿಡೀ ಪರಊರಿನಲ್ಲಿ ಅನ್ಯರ ಎಂಜಲು ತಟ್ಟೆ ಎತ್ತುವವನು ಅಂದು ಸೇವಾಕರ್ತನಾಗಿ, ತಾಯಿಯ ಪಕ್ಕದಲ್ಲಿ ನಿಂತು, ಎಲ್ಲರಿಗಿಂತ ಮೊದಲು ಪ್ರಸಾದ ಸ್ವೀಕರಿಸುತ್ತಾನೆ. ಇದನ್ನು ದುಂದೆನ್ನುವುದಕ್ಕೆ ಯಾವ ಲೆಕ್ಕದ ಪುಸ್ತಕದಲ್ಲಿ ಕಲಂ ಇದೆಯೋ ನಾನರಿಯೆ.

ಆ ತರುಣನು ದುಷ್ಟನೆಂದು ನನ್ನ ಅಭಿಪ್ರಾಯವಲ್ಲ. 1938ರಲ್ಲಿ ಮದರಾಸಿನ ವುಡ್‌ಲ್ಯಾಂಡ್ಸ್ ತೆರೆದ ಕೆ. ಕೃಷ್ಣರಾಯರೂ, 1942ರಲ್ಲಿ ಮಾಟುಂಗದ ಶ್ರೀಕೃಷ್ಣ ಬೋರ್ಡಿಂಗ್ ಕಟ್ಟಿದ ಎ. ರಾಮ ನಾಯಕರೂ ಅಡಿಗೆಮನೆಯ ದುಡಿಮೆಯಿಂದಲೇ ಮೇಲೆ ಬಂದವರು. ಆ ಬಗೆಯ ಹಿರಿಯರಿಗೆ ಒಂದೊಂದು ರೂಪಾಯಿಯ ಹಿಂದಿರುವ ಬೆವರಿನ ಪರಿಚಯವಿತ್ತು. ಅನಂತರ ಬಂದ ಎಷ್ಟೋ ಧಣಿಗಳು ಮಾತ್ರ, ತಾವು ಪಟ್ಟ ಪಾಡು ಮಗನಿಗೆ ಬೇಡವೆಂದು ಅವನನ್ನು ದೂರದ ವಸತಿ ಶಾಲೆಗೆ ಕಳುಹಿಸಿದರು, ಒಲೆಯ ಬಳಿಗೆ ಸುಳಿಯಗೊಡಲಿಲ್ಲ. ಕೇಳಿದ್ದೆಲ್ಲ ಕೈಸೇರಿದ ಹುಡುಗನಿಗೆ ತನ್ನ ಖರ್ಚು ಅವಶ್ಯಕತೆಯಾಗಿಯೂ ಇತರರ ಖರ್ಚು ಅವಿವೇಕವಾಗಿಯೂ ಕಂಡರೆ ಆಶ್ಚರ್ಯವೇನು? ಅವನನ್ನು ಕೆಡಿಸಿದ್ದು ಹಣಕ್ಕಿಂತಲೂ ತಂದೆಯ ಈ ಮೌನ.

ಇಷ್ಟು ಬರೆದು ಕೈತೊಳೆದುಕೊಳ್ಳುವಂತಿಲ್ಲ. ಗುಮಾಸ್ತರಾದ ನಾವು ಮಾಡುತ್ತಿರುವುದೇನು? ಸಾಲ ತೆಗೆದು ಮಗನಿಗೆ ಮೋಟಾರು ಬೈಕು ಕೊಡಿಸುತ್ತೇವೆ. ಸಾಲದ ಮಾತು ಅವನಿಗೆ ತಿಳಿಯದಂತೆ ಹೆಂಡತಿಗೂ ಎಚ್ಚರಿಕೆ ಹೇಳುತ್ತೇವೆ. ಊರಿನ ತಾಯಂದಿರೆದುರಿಗೋ ನಾವೇ ಸಣ್ಣ ಧಣಿಗಳು! ಹಿಂದೆ ಮನಿಯಾರ್ಡರಿನ ತುಂಡು ಕಾಗದದಲ್ಲಿ ಎರಡು ಸಾಲು ಬರೆದು ಕಳುಹಿಸಿದರೆ ಮುಗಿಯುತ್ತಿತ್ತು. 1880ರಿಂದ ನಡೆದುಬಂದಿದ್ದ ಆ ಹಳೆಯ ಪದ್ಧತಿ 2015ರಲ್ಲಿ ನಿಂತಿತು. ಈಗ ಹಣ ಕ್ಷಣದಲ್ಲಿ ತಲುಪುತ್ತದೆ, ಅದರ ಬೆನ್ನಿಗೇ ವಿಚಾರಣೆಯೂ ತಲುಪುತ್ತದೆ.

ಕಳೆದ ವರ್ಷ ನಾನೂ ತಾಯಿಯನ್ನು ಫೋನಿನಲ್ಲಿ ಹಾಗೆಯೇ ಕೇಳಿದೆ. ನೆರೆಮನೆಯ ಹುಡುಗಿಯ ಮದುವೆಗೆ ಮುಯ್ಯಿ, ಹಟ್ಟಿಗೆ ಹುಲ್ಲು, ಔಷಧಿ ಎಂದು ಆಕೆ ಒಂದೊಂದನ್ನೂ ಒಪ್ಪಿಸಿದಳು. ಹದಿನೈದು ರೂಪಾಯಿಗೆ ಲೆಕ್ಕ ಸಿಗಲಿಲ್ಲ. "ಮರೆತುಹೋಯಿತು ಮಗಾ" ಎಂದಳು; ಆ ಸ್ವರದಲ್ಲಿದ್ದ ಅಂಜಿಕೆ ಈಗಲೂ ನನ್ನನ್ನು ಬಿಟ್ಟಿಲ್ಲ.

ಅಂದ ಹಾಗೆ, ಮಾಣಿಗೆ ಅಂದು ಮುಂಗಡ ದೊರೆಯಲಿಲ್ಲ. ಜೊತೆಗಾರರೇ ಕೈಕೂಡಿಸಿ ಹಣ ಹೊಂದಿಸಿಕೊಟ್ಟರೆಂದು ಬಳಿಕ ತಿಳಿಯಿತು.