ಬಿಸಿ ಹಿಟ್ಟಿನ ಗಾರಿಗೆಯೂ ಊರ ಗಿರಣಿಯೂ

ದಾವಣಗೆರೆ ಜಿಲ್ಲೆಯ ಹೆಸರನ್ನು ಹೊರಗಿನವರ ಮುಂದೆ ಎತ್ತಿದೊಡನೆ ಅವರ ಬಾಯಿಗೆ ಬರುವುದು ಬೆಣ್ಣೆದೋಸೆ, ಅದು ಬಿಟ್ಟರೆ ಮಂಡಕ್ಕಿ ಮೆಣಸಿನಕಾಯಿ. ಆ ಕೀರ್ತಿ ಸಲ್ಲತಕ್ಕದ್ದೇ. ಆದರೆ ಅದು ಪೇಟೆಯ ಕೀರ್ತಿ, ಹೋಟೆಲಿನ ಹಂಚಿನ ಮೇಲೆ ಹುಟ್ಟಿ ಬೆಳೆದದ್ದು. ಚನ್ನಗಿರಿ ಹೊನ್ನಾಳಿಗಳ ತೋಟದ ಮನೆಗಳಲ್ಲಿ, ಮಲೆನಾಡಿನ ಸೆರಗಿಗೆ ತಾಗಿಕೊಂಡ ನ್ಯಾಮತಿಯ ಊರುಗಳಲ್ಲಿ, ಜಗಳೂರಿನ ಬೆದ್ದಲು ಸೀಮೆಯಲ್ಲಿ, ಯಾವ ಫಲಕದ ಹಂಗೂ ಇಲ್ಲದೆ ತಲೆಮಾರುಗಳಿಂದ ನಡೆದುಬಂದ ಇನ್ನೊಂದು ಪಾಕವುಂಟು: ಕಳಿತ ಹಣ್ಣನ್ನು ಹಿಸುಕಿ, ಬೆಲ್ಲ ಬೆರೆಸಿ, ಆಗತಾನೆ ಬೀಸಿಸಿ ತಂದ ಹಿಟ್ಟನ್ನು ಕಲಸಿ, ಎಣ್ಣೆಯಲ್ಲಿ ಕರಿದ ಗಾರಿಗೆ, ಕೈಯಿಂದ ಉಂಡೆಯಾಗಿ ಬಿಟ್ಟರೆ ಮುಳಕ. ಈಚೆಗೆ ಅದು ಮನೆಗಳಿಂದ ಮೆಲ್ಲಮೆಲ್ಲನೆ ಹಿಂದೆ ಸರಿಯುತ್ತಿರುವುದನ್ನು ಕಂಡು ಹಿರಿಯರು ಸೊಸೆಯಂದಿರ ಸೋಮಾರಿತನವನ್ನು ದೂರುವುದನ್ನು ನಾನು ಅನೇಕ ಕಡೆ ಕೇಳಿದ್ದೇನೆ. ಆ ದೂರು ಅನ್ಯಾಯವಾದದ್ದು. ಗಾರಿಗೆ ಸೊರಗಿರುವುದು ಅಡುಗೆಮನೆಯಲ್ಲಿ ಅಲ್ಲ, ಊರ ಹಿಟ್ಟಿನ ಗಿರಣಿಯ ಬಾಗಿಲಲ್ಲಿ. ಗಿರಣಿಗೆ ಕಾಳು ಒಯ್ಯುವ ರೂಢಿ ತಪ್ಪಿದ ಮನೆಯಲ್ಲಿ ಗಾರಿಗೆಯ ರುಚಿಯೂ ತಪ್ಪಿತು, ರುಚಿ ತಪ್ಪಿದ ಮೇಲೆ ಅದನ್ನು ಮಾಡುವ ಉತ್ಸಾಹವೂ ಉಳಿಯಲಿಲ್ಲ ಎಂಬುದೇ ನನ್ನ ವಾದ.

ಹಣ್ಣಿಗೆ ಈ ಸೀಮೆಯಲ್ಲಿ ಬರವಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದ ನಾಲೆಯ ನೀರೂ ಸೂಳೆಕೆರೆಯ ತೇವವೂ ಸೇರಿ ಚನ್ನಗಿರಿಯ ಸುತ್ತಲಿನ ನೆಲವನ್ನು ಗದ್ದೆ ತೋಟಗಳ ನಾಡನ್ನಾಗಿ ಮಾಡಿವೆ. ಅಡಿಕೆಯ ಎಳೆಯ ಸಸಿ ಬಿಸಿಲನ್ನು ತಾಳಲಾರದಾದುದರಿಂದ ಅದಕ್ಕೆ ನೆರಳಾಗಲೆಂದು ನಡುವೆ ಬಾಳೆ ಇಡುವುದು ರೈತರ ಪದ್ಧತಿ. ಹೀಗೆ ಅಡಿಕೆ ಫಲಕ್ಕೆ ಬರುವ ಮೊದಲಿನ ವರ್ಷಗಳಲ್ಲಿ ತೋಟವನ್ನು ಸಾಕುವುದು ಬಾಳೆಯೇ. ಬಾಳೆಯ ಸ್ವಭಾವವಾದರೋ ಎಲ್ಲರಿಗೂ ತಿಳಿದದ್ದು. ಗೊನೆಯನ್ನು ಕಡಿದು ತೊಲೆಗೆ ತೂಗುಹಾಕಿದರೆ ಮೊದಲ ಕೆಲವು ದಿನ ಯಾರಿಗೂ ಒಂದು ಹಣ್ಣು ಸಿಕ್ಕದು; ಬಳಿಕ ಒಮ್ಮೆಗೇ ಚಿಪ್ಪುಚಿಪ್ಪಾಗಿ ಹಣ್ಣಾಗಿ, ಮನೆಮಂದಿಯೂ ನೆರೆಮನೆಯವರೂ ತಿಂದು ಮುಗಿಸಲಾರದಷ್ಟು ಆಗುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಮೂಡಿ, ಹೊರಗೆ ಒಯ್ದು ಮಾರುವುದಕ್ಕೂ ಬಾರದ ಆ ಪುಟ್ಟಬಾಳೆಯಲ್ಲಿಯೇ ಪಿಷ್ಟವೆಲ್ಲ ಸಕ್ಕರೆಯಾಗಿ ಪರಿಣಮಿಸಿ ಪರಿಮಳ ತುಂಬಿರುತ್ತದೆ. ಗಾರಿಗೆಗೆ ಬೇಕಾದದ್ದು ಅದೇ ಹಣ್ಣು. ಮುಂಗಾರಿನ ಮೊದಲು ಹಲಸು ಬಿದ್ದಾಗ ನ್ಯಾಮತಿಯ ಕಡೆ ಇದೇ ಕ್ರಮ ಹಲಸಿನ ತೊಳೆಗೆ ಅನ್ವಯಿಸುತ್ತದೆ. ತಿನ್ನಲು ಗಟ್ಟಿ ತೊಳೆಯ ಬಕ್ಕೆ ಮೇಲೆನಿಸಿದರೂ ಮುಳಕಕ್ಕೆ ಬಾಯಲ್ಲಿ ಕರಗುವ ಮೆತ್ತನೆಯ ತೊಳೆಯೇ ಒಗ್ಗುತ್ತದೆ.

ಕಳಿತ ಹಣ್ಣನ್ನು ತಿಪ್ಪೆಗೆ ಎಸೆಯದೆ ಪಕ್ವಾನ್ನವನ್ನಾಗಿ ಮಾಡುವ ಈ ವಿವೇಕ ನಮ್ಮಲ್ಲಿ ಹಳೆಯದು. ಕನ್ನಡದಲ್ಲಿ ಪಾಕವನ್ನು ಶಾಸ್ತ್ರವೆಂದು ಗೌರವಿಸಿ ಬರೆದ ಪರಂಪರೆಯೇ ಉಂಟು. ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿ ರಚಿಸಿದಾಗ ಹಿಟ್ಟಿನ ಭಕ್ಷ್ಯಗಳಿಗೆ ಮೊದಲ ಸ್ಥಾನವನ್ನೇ ಕೊಟ್ಟನು. ಪ್ರಭುವೂ ಕವಿಯೂ ಆದವನೊಬ್ಬನಿಗೆ ಹಿಟ್ಟು ಕಲಸುವ ವಿಧಾನ ಪದ್ಯಕ್ಕೆ ಯೋಗ್ಯವೆಂದು ತೋರಿದ್ದರೆ, ಒಂದು ಪತ್ರಿಕೆಯ ಅಂಕಣಕ್ಕೆ ಅದು ಅಯೋಗ್ಯವಾಗಲಾರದು.

ಹಿಟ್ಟಿನ ತಾಜಾತನ ಇಷ್ಟು ಮುಖ್ಯವೇಕೆಂದು ಕೇಳುವವರಿಗೆ ಗೋಧಿಯ ಒಂದು ಕಾಳಿನಲ್ಲಿಯೇ ಉತ್ತರವಿದೆ. ಕಾಳಿನ ತೂಕದಲ್ಲಿ ಸುಮಾರು ಶೇ. 83ರಷ್ಟು ಪಿಷ್ಟಭಾಗ, ಶೇ. 14ರಷ್ಟು ತೌಡು, ಉಳಿದ ಎರಡು ಮೂರು ಪಾಲು ಮೊಳಕೆಯ ಅಂಕುರ. ಅಲ್ಪವಾದ ಈ ಅಂಕುರದಲ್ಲಿ ಎಣ್ಣೆಯೂ ಸುವಾಸನೆಯೂ ದಟ್ಟವಾಗಿ ಕೂಡಿರುತ್ತವೆ. ಕಾಳು ಇಡಿಯಾಗಿರುವವರೆಗೆ ಆ ಎಣ್ಣೆ ಭದ್ರ. ಕಲ್ಲಿನ ಬಾಯಿಗೆ ಬಿದ್ದು ಪುಡಿಯಾದ ಕ್ಷಣದಿಂದ ಅದು ಗಾಳಿಗೂ, ತೌಡಿನಲ್ಲಿರುವ ಕಿಣ್ವಗಳಿಗೂ ತೆರೆದುಕೊಂಡು ಕೆಡತೊಡಗುತ್ತದೆ. ಮೊದಮೊದಲು ಅದು ಮೂಗಿಗೆ ತಿಳಿಯದು. ವಾರಗಳು ಕಳೆದಂತೆ ಕಮಟು ಹಿಡಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಂಗೆರಿಯ ಬುಡಾಪೆಸ್ಟಿನಲ್ಲಿ ಪ್ರಬಲಗೊಂಡು ಅಮೆರಿಕಕ್ಕೂ ಮುಂದೆ ಜಗತ್ತಿಗೂ ಹಬ್ಬಿದ ಉರುಳೆಯಂತ್ರಗಳು ಈ ತೊಡಕನ್ನು ಬಿಡಿಸಿದ ಬಗೆ ಸರಳವಾದದ್ದು: ಕೆಡುವ ತೌಡನ್ನೂ ಅಂಕುರವನ್ನೂ ಬೇರ್ಪಡಿಸಿ ಕೆಡದ ಪಿಷ್ಟವನ್ನಷ್ಟೇ ಮೂಟೆಗೆ ತುಂಬುವುದು. ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಬೇಕಾದ ಹಿಟ್ಟಿಗೆ ಅದು ಅನಿವಾರ್ಯವಾಗಿದ್ದೀತು; ಹೊನ್ನಾಳಿಯ ಸಂತೆಯಿಂದ ಮೂರು ಮೈಲಿ ದೂರದ ಮನೆಗೆ ಹೋಗುವ ಹಿಟ್ಟಿಗೆ ಅದರ ಅಗತ್ಯವೇನು? ಮೈದಾವೆಂಬ ಆ ಬಿಳಿಯ ಪುಡಿಯಿಂದ ಮಾಡಿದ ಗಾರಿಗೆ ಬಾಯಿಗೆ ಅಂಟುತ್ತದೆ, ಸಿಹಿ ಮಾತ್ರ ನಾಲಗೆಗೆ ಹತ್ತುತ್ತದೆ, ಹಣ್ಣಿನ ಜೊತೆ ಮಾತನಾಡುವ ಧಾನ್ಯದ ದನಿ ಅದರಲ್ಲಿಲ್ಲ.

ಇನ್ನೊಂದು ಸೂಕ್ಷ್ಮವೂ ಇಲ್ಲಿದೆ. ಬೇಕರಿಯ ಬ್ರೆಡ್ಡಿಗೆ ಬೀಸಿದ ಹಿಟ್ಟನ್ನು ಕೆಲಕಾಲ ಇಟ್ಟು ಬಳಸುವುದೇ ಲೇಸು. ಗಾಳಿಯ ಸಂಸರ್ಗದಿಂದ ಅದರ ಜಿಗುಟು ಬಲಗೊಂಡು ಬ್ರೆಡ್ಡು ಚೆನ್ನಾಗಿ ಉಬ್ಬುತ್ತದೆ. ಗಾರಿಗೆಗೆ ಬೇಕಾದದ್ದು ಅದರ ವಿಪರೀತ. ಹೊಸ ಹಿಟ್ಟಿನ ಜಿಗುಟು ಇನ್ನೂ ಸಡಿಲವಾಗಿರುವುದರಿಂದಲೇ ಕರಿದ ಗಾರಿಗೆ ಹೊರಗೆ ಗರಿಯಾಗಿ ಒಳಗೆ ಮೃದುವಾಗಿ ಹಲ್ಲಿಗೆ ಸುಲಭವಾಗಿ ಮುರಿಯುತ್ತದೆ. ಅಜ್ಜಿಯಂದಿರು ಹಿಟ್ಟನ್ನು ನಾದಬೇಡ, ಕಲಸಿ ಬಿಡು ಎನ್ನುತ್ತಿದ್ದರಲ್ಲ, ಅದರ ಮರ್ಮವೂ ಇದೇ.

ಮಾಡುವ ಬಗೆಯನ್ನು ಸ್ವಲ್ಪ ವಿಸ್ತರಿಸಿಯೇ ಹೇಳುತ್ತೇನೆ, ಏಕೆಂದರೆ ಕೈಗೆ ಬಾರದ ಪಾಕದ ಪರವಾಗಿ ವಾದಿಸಿ ಫಲವಿಲ್ಲ. ಗಿರಣಿಯಿಂದ ಬಂದ ಹಿಟ್ಟು ಮುಟ್ಟಿದರೆ ಬೆಚ್ಚಗಿರುತ್ತದೆ. ಅದನ್ನು ಹಾಗೆಯೇ ಡಬ್ಬಿಗೆ ತುಂಬಿ ಮುಚ್ಚಿದರೆ ಒಳಗೆ ಬೆವರಿ ಮುಗ್ಗಲಾಗುವುದಾದ್ದರಿಂದ, ಒಂದು ಬಿಳಿಯ ಬಟ್ಟೆಯ ಮೇಲೆ ಹರಡಿ ಆರಬಿಡತಕ್ಕದ್ದು. ಹಣ್ಣನ್ನು ಕೈಯಿಂದ ಹಿಸುಕಿ, ಪುಡಿಮಾಡಿದ ಬೆಲ್ಲವನ್ನು ಸೇರಿಸಿ ಕಾಲು ಗಂಟೆ ಇಟ್ಟರೆ ಬೆಲ್ಲ ತಾನಾಗಿಯೇ ಕರಗಿ ಹಣ್ಣು ನೀರೊಡೆಯುತ್ತದೆ. ಬೇರೆ ನೀರು ಬೇಡವೇ ಬೇಡ. ಚಿಟಿಕೆ ಉಪ್ಪು, ಏಲಕ್ಕಿ, ಸಣ್ಣಗೆ ಹೆಚ್ಚಿದ ಕೊಬ್ಬರಿ, ಇದ್ದರೆ ಎಳ್ಳು. ಗರಿಗಾಗಿ ಒಂದು ಹಿಡಿ ಅಕ್ಕಿತರಿ. ಹಿಟ್ಟನ್ನು ಒಮ್ಮೆಗೇ ಸುರಿಯದೆ ಹಣ್ಣು ಕೇಳಿದಷ್ಟು ಮಾತ್ರ ಹಾಕುತ್ತ ಬಂದು, ಕೈಯಿಂದ ಎತ್ತಿದರೆ ಮುದ್ದೆಯಾಗಿ ಜಾರುವ ಹದಕ್ಕೆ ನಿಲ್ಲಿಸಬೇಕು. ಹೊಸ ಹಿಟ್ಟಿನ ತೌಡು ತೇವವನ್ನು ನಿಧಾನವಾಗಿ ಹೀರುವುದರಿಂದ ಕಲಸಿದ ಮೇಲೆ ಅರ್ಧ ಗಂಟೆ ಬಿಡುವುದು ಅವಶ್ಯ. ಮೊದಲು ಸಡಿಲವೆಂದು ತೋರಿದ್ದು ಆ ಹೊತ್ತಿಗೆ ತಾನೇ ಬಿಗಿಯಾಗಿರುತ್ತದೆ. ಸೋಡಾ ಹಾಕುವ ಚಪಲವನ್ನು ಬಿಡುವುದೇ ಮೇಲು, ಅದರ ಚೊಗರು ಬಾಳೆಯ ಪರಿಮಳವನ್ನು ಕೊಲ್ಲುತ್ತದೆ. ಕರಿಯುವಾಗ ಉರಿಯ ವಿಷಯದಲ್ಲಿ ಮಾತ್ರ ಅವಸರ ಸಲ್ಲದು: ಹಣ್ಣಿನ ಸಕ್ಕರೆಯೂ ಬೆಲ್ಲವೂ ಬೇಗ ಕೆಂಪಾಗುವ ವಸ್ತುಗಳಾದುದರಿಂದ ಎಣ್ಣೆ ಹೊಗೆಯಾಡುವಷ್ಟು ಕಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿಯಾಗಿ ಉಳಿಯುವುದು, ತೀರ ತಣ್ಣಗಿದ್ದರೆ ಎಣ್ಣೆ ಕುಡಿದು ಕೂಡುವುದು. ಚಿಟಿಕೆ ಹಿಟ್ಟನ್ನು ಬಿಟ್ಟರೆ ಅದು ತಳಕ್ಕೆ ಮುಳುಗಿ, ಮೆಲ್ಲನೆ ಮೇಲೆದ್ದು, ಸುತ್ತ ನೊರೆ ಕಟ್ಟುವ ಹೊತ್ತೇ ಸರಿಯಾದ ಹೊತ್ತು.

ಜಗಳೂರಿನ ಕಥೆ ಬೇರೆ. ಅಲ್ಲಿ ನೀರು ಕಡಿಮೆ, ಬಾಳೆಯ ವೈಭವವಿಲ್ಲ. ಗಾರಿಗೆಗೆ ಒದಗುವುದು ಹಿತ್ತಲಿನ ಸಿಹಿಗುಂಬಳ. ಆದರೆ ಹಿಟ್ಟಿನ ವಿಷಯದಲ್ಲಿ ಆ ಒಣನೆಲ ತೋಟದ ಸೀಮೆಗಿಂತ ಶ್ರೀಮಂತವಾದದ್ದು. ಜೋಳ, ರಾಗಿ, ಸಜ್ಜೆ, ನವಣೆಗಳನ್ನು ಬಲ್ಲ ಆ ಊರುಗಳ ಹೆಂಗಸರಿಗೆ ಹಿಟ್ಟಿನ ಆಯುಷ್ಯವನ್ನು ಯಾರೂ ಕಲಿಸಬೇಕಾಗಿಲ್ಲ. ಸಜ್ಜೆಯಲ್ಲಿ ಎಣ್ಣೆಯ ಅಂಶ ಹೆಚ್ಚಾದುದರಿಂದ ಅದರ ಹಿಟ್ಟು ಕೆಲವೇ ದಿನಗಳಲ್ಲಿ ಕಹಿಯಾಗುವುದೆಂದು ತಿಳಿದೇ ಅವರು ವಾರಕ್ಕೆ ಬೇಕಾದಷ್ಟನ್ನು ಮಾತ್ರ ಬೀಸಿಸುತ್ತಿದ್ದರು. ಈ ಧಾನ್ಯಗಳಲ್ಲಿ ಗೋಧಿಯ ಜಿಗುಟಿಲ್ಲ. ಬೇಯಿಸಿದ ಕುಂಬಳದ ತಿರುಳು ಬಿಸಿಯಿರುವಾಗಲೇ ಬೆಲ್ಲ ಕರಗಿಸಿ ನವಣೆಯ ಹಿಟ್ಟನ್ನು ಅದರಲ್ಲಿ ಕಲಸಿ, ಒಂದು ಪಾಲು ಗೋಧಿಹಿಟ್ಟು ಕೂಡಿಸಿ, ಬಾಳೆಲೆಯ ಮೇಲೆ ತಟ್ಟಿ ಎಣ್ಣೆಗೆ ಬಿಟ್ಟರೆ ಒಡೆಯದೆ ನಿಲ್ಲುತ್ತದೆ. 2023ನ್ನು ವಿಶ್ವಸಂಸ್ಥೆಯು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಘೋಷಿಸಿದಾಗ ನಗರಗಳಲ್ಲಿ ಮೇಳಗಳು ನಡೆದವು, ಅಂದವಾದ ಪೊಟ್ಟಣಗಳಲ್ಲಿ ನವಣೆಯ ಹಿಟ್ಟು ಮಾರಾಟಕ್ಕೆ ಬಂತು. ಆದರೆ ಎಂದು ಬೀಸಿದ್ದೆಂದು ತಿಳಿಯದ ಸಿರಿಧಾನ್ಯದ ಹಿಟ್ಟು ಸಿರಿಧಾನ್ಯದ ಅಪಕೀರ್ತಿಗೇ ಕಾರಣವಾದೀತು. ಒಮ್ಮೆ ಕಮಟು ರುಚಿ ಕಂಡ ಮಗು ಮತ್ತೆ ನವಣೆಯನ್ನು ಮೂಸುವುದಿಲ್ಲ.

ಹಿಂದಿನ ಕಾಲವನ್ನು ಮರಳಿ ತರಬೇಕೆಂದು ನಾನು ಹೇಳುತ್ತಿರುವೆನೆಂದು ಯಾರೂ ಭಾವಿಸಬಾರದು. ಬೀಸುಕಲ್ಲಿನ ಪದಗಳು ನಮ್ಮ ಜನಪದ ಸಾಹಿತ್ಯದ ಅಮೂಲ್ಯ ನಿಧಿ, 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಹೊರತಂದಾಗ ವಿದ್ವಾಂಸರು ಆ ಸೌಂದರ್ಯಕ್ಕೆ ಬೆರಗಾದದ್ದು ಸಹಜ. ಆದರೆ ಆ ಹಾಡು ಹುಟ್ಟಿದ್ದು ಬೆಳಕು ಹರಿಯುವ ಮೊದಲೇ ಎದ್ದು ತೋಳು ಸೋಲುವವರೆಗೆ ಕಲ್ಲು ತಿರುಗಿಸುತ್ತಿದ್ದ ಹೆಣ್ಣಿನ ದಣಿವಿನಿಂದ ಎಂಬುದನ್ನು ಮರೆತು ಬೀಸುಕಲ್ಲನ್ನು ಹೊಗಳುವುದು ನಿರ್ದಯವಾದೀತು. ಆ ದಣಿವನ್ನು ಹೆಣ್ಣಿನ ಹೆಗಲಿಂದ ಇಳಿಸಿದ ಪುಣ್ಯ ಗಿರಣಿಯದು. ಕಲ್ಲು ಅಲ್ಲಿಯೂ ಇದೆ, ತಿರುಗಿಸುವುದು ಮಾತ್ರ ಯಂತ್ರ. ಶ್ರಮವನ್ನು ಕಳೆದು ರುಚಿಯನ್ನು ಉಳಿಸಿಕೊಟ್ಟ ಯಂತ್ರಗಳು ಬಹಳವಿಲ್ಲ. ಅಂಥ ಒಂದನ್ನು ಕೈಯಾರೆ ಕಳೆದುಕೊಳ್ಳುತ್ತಿದ್ದೇವೆಂಬುದೇ ನನ್ನ ವ್ಯಥೆ.

ಗಿರಣಿಯವನ ವಿದ್ಯೆಯೂ ಸಾಮಾನ್ಯವಾದುದಲ್ಲ. ಚೀಲದ ಬಾಯಿಗೆ ಕೈಯೊಡ್ಡಿ, ಬೀಳುತ್ತಿರುವ ಹಿಟ್ಟನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಉಜ್ಜಿ ನೋಡಿ, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ, ರೊಟ್ಟಿಗೆ ಎಂದರೆ ನುಣ್ಣಗೆ, ಗಾರಿಗೆಗೆ ಎಂದರೆ ತುಸು ತರಿಯಾಗಿ ಇಳಿಸಿಕೊಡುವ ಮನುಷ್ಯ ಅವನು. ಹಿಂದಿನವರ ರಾಗಿ ಇಳಿದ ಮೇಲೆ ನಮ್ಮ ಗೋಧಿ ಹಾಕಿದರೆ ಮೊದಲ ಹಿಡಿ ಮಸುಕಾಗುವುದೆಂದು ಬಲ್ಲ ಗೃಹಿಣಿ ಅಕ್ಕಿಯವರ ಹಿಂದೆ ಸರದಿ ಹಿಡಿಯುತ್ತಾಳೆ. ಕಲ್ಲಿನ ಮೈ ಸವೆದಾಗ ಉಳಿಯಿಂದ ಹೊಸದಾಗಿ ಕಚ್ಚು ಹಾಕಿಸದಿದ್ದರೆ ಹಿಟ್ಟು ಅತಿಯಾಗಿ ಕಾಯುತ್ತದೆ, ಕಾದ ಹಿಟ್ಟು ಬೇಗ ಕೆಡುತ್ತದೆ. ಈ ತಿಳಿವಳಿಕೆಯೆಲ್ಲ ಯಾವ ಪಾಠಶಾಲೆಯಲ್ಲಿಯೂ ಬರೆದಿಟ್ಟದ್ದಲ್ಲ. ಒಂದು ಗಿರಣಿ ಮುಚ್ಚಿದರೆ ಅದೂ ಬಾಗಿಲು ಹಾಕಿಕೊಳ್ಳುತ್ತದೆ.

ಎಣ್ಣೆಯಲ್ಲಿ ಕರಿದ ಸಿಹಿಯನ್ನು ಇಷ್ಟು ಸಮರ್ಥಿಸುವುದು ಮಧುಮೇಹದ ಈ ಕಾಲದಲ್ಲಿ ಉಚಿತವೇ ಎಂಬ ಆಕ್ಷೇಪಕ್ಕೆ ಬೆಲೆಯುಂಟು. ಗಾರಿಗೆ ದಿನದ ಆಹಾರವಲ್ಲ, ಔಷಧಿಯಂತೂ ಅಲ್ಲ. ಆದರೆ ನಮ್ಮ ಮಕ್ಕಳು ಕರಿದದ್ದನ್ನು ತಿನ್ನುವುದನ್ನು ಬಿಟ್ಟಿದ್ದಾರೆಯೆ? ಶಾಲೆಯ ದಾರಿಯ ಪ್ರತಿ ಅಂಗಡಿಯಲ್ಲಿ ತೋರಣದಂತೆ ತೂಗುವ ಐದು ರೂಪಾಯಿಯ ಪೊಟ್ಟಣಗಳು ಆ ಪ್ರಶ್ನೆಗೆ ಉತ್ತರ ಹೇಳುತ್ತವೆ. ಗೊನೆ ಹಣ್ಣಾದಾಗಲೊಮ್ಮೆ, ಮನೆಯ ಎಣ್ಣೆಯಲ್ಲಿ, ಕಣ್ಣೆದುರಿನ ಹಿಟ್ಟಿನಿಂದ ಆದದ್ದನ್ನು ತಿಂದು ಬೆಳೆದ ಮಗುವಿಗೆ ಹಣ್ಣಿನ ರುಚಿಯೂ ಧಾನ್ಯದ ರುಚಿಯೂ ಪರಿಚಯವಾಗಿರುತ್ತವೆ. ಹೊರಗೆ ದುಡಿಯುವ ಹೆಂಗಸರಿಗೆ ಸಮಯವೆಲ್ಲಿ ಎಂಬ ಇನ್ನೊಂದು ಮಾತು ಇದಕ್ಕಿಂತ ಗಂಭೀರವಾದದ್ದು. ಅದಕ್ಕೆ ನನ್ನ ಉತ್ತರ ಒಂದೇ: ಕಾಳನ್ನು ಆರಿಸಿ ಗಿರಣಿಗೆ ಹೊತ್ತು ತರುವುದು ಗಂಡಸರ ಕೆಲಸವಾಗಲಿ, ಹಣ್ಣು ಹಿಸುಕುವುದಕ್ಕೂ ಅವರ ಕೈ ಬರುತ್ತದೆ.

ಇನ್ನು ಆಗಬೇಕಾದದ್ದರ ಮಾತು. ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು 1997ರಲ್ಲಿ ಹೊಸ ಜಿಲ್ಲೆಗೆ ಸೇರಿದವು, ಆಮೇಲೆ ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾಯಿತು. ಕಚೇರಿಗಳು ಬಂದವು, ಬಸ್‌ ನಿಲ್ದಾಣಗಳ ಸುತ್ತ ಮಳಿಗೆಗಳು ಎದ್ದವು. ಪಂಚಾಯಿತಿಗಳು ತಮ್ಮ ಮಳಿಗೆಗಳನ್ನು ಹರಾಜು ಹಾಕುವಾಗ ಒಂದನ್ನು ಹಿಟ್ಟಿನ ಗಿರಣಿಗೆಂದು ಮಿತವಾದ ಬಾಡಿಗೆಗೆ ಮೀಸಲಿಡುವುದರಿಂದ ಅವುಗಳ ಬೊಕ್ಕಸ ಬರಿದಾಗದು. ಕಿರು ಆಹಾರ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರಲ್ಲಿ ಆರಂಭಿಸಿದ ಯೋಜನೆಯಲ್ಲಿ ವೆಚ್ಚದ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿಯವರೆಗೆ ಸಹಾಯಧನ ಗೊತ್ತಾಗಿತ್ತು. ಮಹಿಳಾ ಸ್ವಸಹಾಯ ಸಂಘಗಳಿಗೂ ಅದರಲ್ಲಿ ಸ್ಥಾನವಿತ್ತು. ಉಪ್ಪಿನಕಾಯಿ ಹಪ್ಪಳಗಳ ಆಚೆಗೆ ನೋಡಿ ಈ ಸಂಘಗಳು ಕಲ್ಲಿನ ಗಿರಣಿಯನ್ನು ಕೈಗೆತ್ತಿಕೊಂಡರೆ, ಹತ್ತಿರದ ರೈತನ ನವಣೆಗೂ ಸಜ್ಜೆಗೂ ಊರಿನಲ್ಲಿಯೇ ಗಿರಾಕಿ ಸಿಕ್ಕೀತು. ಈಗ ಸುತ್ತಲೂ ಮುಸುಕಿನ ಜೋಳವನ್ನೇ ಬಿತ್ತಿ ಲಾರಿಗೆ ತುಂಬುತ್ತಿರುವ ಜಗಳೂರಿನ ರೈತನು ಮನೆಯ ಅನ್ನಕ್ಕೆಂದಾದರೂ ಒಂದೆರಡು ಸಾಲು ನವಣೆ ಇಡುವುದಕ್ಕೆ ಅದೊಂದು ಕಾರಣವಾದೀತು. ಇರುವ ಗಿರಣಿಗಳ ಮಾಲೀಕರಲ್ಲಿಯೂ ನನ್ನದೊಂದು ಬಿನ್ನಹವಿದೆ: ಒಂದು ಸೇರು, ಎರಡು ಸೇರು ಕಾಳು ತಂದವರನ್ನು ಅಷ್ಟಕ್ಕೆ ಕಲ್ಲು ತಿರುಗಿಸಲಾಗದೆಂದು ಹಿಂದಕ್ಕೆ ಕಳುಹಿಸಬೇಡಿ. ಸಂತೆಯ ಹಿಂದಿನ ದಿನ ಸಂಜೆ ಚಿಕ್ಕ ಚೀಲಗಳಿಗೆಂದೇ ಒಂದು ಗಂಟೆ ಗೊತ್ತುಮಾಡಿ ಬಾಗಿಲಿಗೆ ಬರೆದು ಹಾಕಿ. ಗಾರಿಗೆಗೆ ಬೇಕಾಗುವ ಹಿಟ್ಟು ಎಂದೂ ಅಷ್ಟೇ, ಮತ್ತು ಅದು ಆ ವಾರದಲ್ಲಿಯೇ ಬೀಸಿದ್ದಾಗಿರಬೇಕು.