‘ಇಕಿರು’ ನೋಡಿ ಮನಸ್ಸು ಹಗುರಾಯ್ತು ಅನ್ನೋರಿಗೆ

ಜಪಾನೀ ಸಿನಿಮಾ ನೋಡಿದ್ರೆ ಮನಸ್ಸಿಗೆ ಶಾಂತಿ ಸಿಗುತ್ತೆ ಅನ್ನೋರನ್ನು ಕಂಡರೆ ನನ್ನ ಶಾಂತಿ ಕೆಡುತ್ತೆ. ಈಚೆಗೆ ಇಂಥವರು ಜಾಸ್ತಿಯಾಗಿದ್ದಾರೆ. ಮೇಜಿನ ಮೇಲೊಂದು ಬೊನ್ಸಾಯ್, ಪಕ್ಕದಲ್ಲಿ ‘ಇಕಿಗಾಯ್’ ಪುಸ್ತಕ (ಬರೆದ ಇಬ್ಬರೂ ಸ್ಪೇನ್‌ನಲ್ಲಿ ಹುಟ್ಟಿದವರು, ಅದಿರಲಿ), ವಾರಾಂತ್ಯಕ್ಕೊಂದು ಕುರೊಸಾವಾ ಅಥವಾ ಓಜು. ಸೋಮವಾರ ಕಾಫಿ ಮೆಷಿನ್ ಹತ್ರ ನಿಂತು ‘ಎಷ್ಟು ನಿಧಾನ, ಎಷ್ಟು ಮೌನ, ಒಂಥರಾ ಝೆನ್’ ಅಂತಾರೆ. ಹಾಲಿವುಡ್ ಅಂದ್ರೆ ಗದ್ದಲ, ಜಪಾನ್ ಅಂದ್ರೆ ಧ್ಯಾನ. ಮುಗೀತು, ಸಿನಿಮಾ ವಿಮರ್ಶೆ.

ಇದು ಹೊಗಳಿಕೆಯಂತೆ ಕಂಡರೂ ಹೊಗಳಿಕೆಯಲ್ಲ. ಮುಖಕ್ಕೆ ಹೊಡೆದ ಹಾಗೆ ಮಾತಾಡುವ ಸಿನಿಮಾವನ್ನು ಅಗರಬತ್ತಿ ಮಾಡಿ ಹಚ್ಚಿಡೋ ಕೆಲಸ.

ಮೊದಲು ಈ ‘ಅಪ್ಪಟ ಜಪಾನ್’ ಅನ್ನೋ ಕಲ್ಪನೆಯನ್ನೇ ನೋಡಿ. ‘ಇಕಿರು’ ಮಾಡುವಾಗ ಕುರೊಸಾವಾನ ತಲೆಯಲ್ಲಿದ್ದದ್ದು ಟಾಲ್‌ಸ್ಟಾಯ್‌ನ ‘ಇವಾನ್ ಇಲಿಚ್‌ನ ಸಾವು’. ಅವನ ‘ಥ್ರೋನ್ ಆಫ್ ಬ್ಲಡ್’ ಅಂದರೆ ಮ್ಯಾಕ್‌ಬೆತ್. ಎಲ್ಲರಿಗಿಂತ ಹೆಚ್ಚು ಜಪಾನೀ ಅಂತ ಹೆಸರು ಮಾಡಿದ ಓಜು ಹರೆಯದಲ್ಲಿ ಅಮೆರಿಕನ್ ಸಿನಿಮಾದ ಹುಚ್ಚ. ಅವನ ಹಳೇ ಮೂಕಿ ಚಿತ್ರಗಳಲ್ಲಿ ಗೋಡೆ ಮೇಲೆ ಹಾಲಿವುಡ್ ಪೋಸ್ಟರ್‌ಗಳು ಕಾಣುತ್ತವೆ. ‘ಟೋಕಿಯೊ ಸ್ಟೋರಿ’ಯ (1953) ಬೀಜ ಸಿಕ್ಕಿದ್ದು ಲಿಯೊ ಮೆಕ್ಯಾರಿಯ ‘ಮೇಕ್ ವೇ ಫಾರ್ ಟುಮಾರೋ’ದಲ್ಲಿ (1937). ಓಜು ಜೊತೆ ಚಿತ್ರಕಥೆ ಬರೆದ ಕೋಗೊ ನೋಡ ಅದನ್ನು ನೋಡಿದ್ದ. ಆ ಅಮೆರಿಕನ್ ಚಿತ್ರದಲ್ಲಿ ಬ್ಯಾಂಕಿನವರು ಮನೆ ಕಿತ್ತುಕೊಳ್ತಾರೆ, ಐದು ಮಕ್ಕಳಿದ್ದೂ ಅಪ್ಪ ಅಮ್ಮ ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳೋರಿಲ್ಲ, ಕೊನೆಗೆ ರೈಲ್ವೆ ಸ್ಟೇಷನ್ನಿನಲ್ಲಿ ಮುದುಕ ಮುದುಕಿ ಬೇರೆಯಾಗ್ತಾರೆ. ಸಮಾಧಾನ ಅನ್ನೋದು ಒಂದು ಹನಿಯೂ ಇಲ್ಲ. ಅದೇ ವರ್ಷ ಮಾಡಿದ ಇನ್ನೊಂದು ಕಾಮಿಡಿಗೆ ಆಸ್ಕರ್ ಬಂದಾಗ ಮೆಕ್ಯಾರಿ, ನೀವು ತಪ್ಪು ಸಿನಿಮಾಗೆ ಕೊಟ್ಟಿರಿ ಅಂತ ವೇದಿಕೆ ಮೇಲೇ ಹೇಳಿದ. ಅಂದ್ರೆ ಪಶ್ಚಿಮಕ್ಕೆ ಕಹಿ ಗೊತ್ತಿಲ್ಲ ಅಂತಲ್ಲ. ಜಪಾನಿನ ರಕ್ತದಲ್ಲಿ ಏನೋ ವಿಶೇಷ ಇದೆ ಅಂತಾನೂ ಅಲ್ಲ.

ಹಾಗಾದ್ರೆ ವ್ಯತ್ಯಾಸ ಎಲ್ಲಿ? ನಮ್ಮ ಕಸುಬಿನಲ್ಲಿ ಎರಡು ಫೈಲುಗಳ ವ್ಯತ್ಯಾಸ ತಿಳೀಬೇಕಾದರೆ ಡಿಫ್ ಹಾಕ್ತೀವಿ. ಇಲ್ಲೂ ಅದೇ ಮಾಡಬಹುದು. ಪಶ್ಚಿಮದವರು ಜಪಾನೀ ಚಿತ್ರವನ್ನು ರೀಮೇಕ್ ಮಾಡಿದಾಗ ಯಾವ ಸಾಲು ಉಳೀತು, ಯಾವ ಸಾಲು ಅಳಿಸಿದರು, ಯಾವುದನ್ನು ಮೇಲಿಂದ ಕೆಳಗೆ ಸರಿಸಿದರು ಅಂತ ನೋಡಿದರೆ ಸಾಕು.

‘ಇಕಿರು’ 1952ರದ್ದು. ವಾತಾನಾಬೆ ಒಬ್ಬ ಸರ್ಕಾರಿ ವಿಭಾಗದ ಮುಖ್ಯಸ್ಥ. ಹೆಚ್ಚುಕಮ್ಮಿ 30 ವರ್ಷ ಒಂದು ದಿನವೂ ರಜೆ ಹಾಕದೆ ಸೀಲು ಒತ್ತಿದವನು. ಹೊಟ್ಟೆಯ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ, ಕೊಚ್ಚೆ ನಿಂತಿದ್ದ ಜಾಗದಲ್ಲಿ ಮಕ್ಕಳಿಗೊಂದು ಪಾರ್ಕ್ ಮಾಡಿಸಿ ಸಾಯ್ತಾನೆ. ಇಷ್ಟು ಕಥೆ ಎಲ್ಲರಿಗೂ ಗೊತ್ತು. ಹಿಮ ಬೀಳುವಾಗ ಉಯ್ಯಾಲೆ ಮೇಲೆ ಕೂತು ಹಾಡೋ ಆ ಮುದುಕನ ದೃಶ್ಯ ‘ಇಂದೇ ಬದುಕಿ’ ಅನ್ನೋ ಬರಹದ ಜೊತೆ ನಿಮ್ಮ ಫೋನಿಗೂ ಒಮ್ಮೆಯಾದರೂ ಬಂದಿರುತ್ತೆ.

ಆ ಬರಹ ಹಾಕಿದವರು ಮರೆತದ್ದು ಒಂದಿದೆ. 143 ನಿಮಿಷದ ಈ ಚಿತ್ರದಲ್ಲಿ ಸುಮಾರು 50 ನಿಮಿಷ ಬಾಕಿ ಇರುವಾಗಲೇ ನಾಯಕ ಸತ್ತುಹೋಗ್ತಾನೆ. ಪಾರ್ಕ್ ಮಾಡಿಸಬೇಕು ಅಂತ ಅವನು ಎದ್ದು ಹೊರಟ ಬೆನ್ನಿಗೇ ನಿರೂಪಕನ ದನಿ ಬರುತ್ತೆ, ಐದು ತಿಂಗಳ ನಂತರ ನಮ್ಮ ನಾಯಕ ಸತ್ತ ಅಂತ. ಹೋರಾಟ, ಗೆಲುವು ಯಾವುದನ್ನೂ ಕಣ್ಣೆದುರು ನಡೆದಂತೆ ತೋರಿಸೋದಿಲ್ಲ. ನೇರ ಸಾವಿನ ಮನೆಗೆ ಕರೆದುಕೊಂಡು ಹೋಗ್ತಾನೆ. ನಮ್ಮ ‘ತಿಥಿ’ ನೋಡಿದವರಿಗೆ ಸಾವಿನ ಮನೆಯ ಊಟದಲ್ಲಿ ಎಂಥೆಂಥ ಮಾತು ಹೊರಡುತ್ತವೆ ಅಂತ ಹೇಳಬೇಕಾಗಿಲ್ಲ. ಇಲ್ಲೂ ಹಾಗೇ. ಉಪಮೇಯರ್ ಕೂತು ಪಾರ್ಕಿನ ಶ್ರೇಯಸ್ಸನ್ನೆಲ್ಲ ತನ್ನ ಜೇಬಿಗೆ ಹಾಕಿಕೊಳ್ತಾನೆ. ಅಷ್ಟರಲ್ಲಿ ಆ ಬೀದಿಯ ಹೆಂಗಸರು ಬರ್ತಾರೆ. ಪಾರ್ಕ್ ಬೇಕು ಅಂತ ಅರ್ಜಿ ಹಿಡಿದು ಹೋದಾಗ ಈ ವಿಭಾಗದಿಂದ ಆ ವಿಭಾಗಕ್ಕೆ, ಅಲ್ಲಿಂದ ಇನ್ನೊಂದಕ್ಕೆ ಅಲೆದಾಡಿಸಿಕೊಂಡವರು ಅವರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಟಿಕೆಟ್ ರೀಅಸೈನ್. ಅವರು ಒಂದೂ ಮಾತಾಡದೆ ಫೋಟೋ ಮುಂದೆ ಅತ್ತು ಹೋಗ್ತಾರೆ. ಉಪಮೇಯರ್‌ಗೆ ಕೂರಕ್ಕಾಗಲ್ಲ, ಎದ್ದು ಹೋಗ್ತಾನೆ.

ಆಮೇಲೆ ಉಳಿದವರು ಕುಡೀತಾ ವಾದಕ್ಕೆ ಕೂರ್ತಾರೆ. ಪಾರ್ಕ್ ಮಾಡಿದ್ದು ಯಾರು? ಅದು ಪಾರ್ಕ್ ವಿಭಾಗದ ಕೆಲಸ ಅಂತ ಒಬ್ಬ. ಕಾಕತಾಳೀಯ ಅಂತ ಇನ್ನೊಬ್ಬ. ಗ್ಲಾಸು ಖಾಲಿಯಾದ ಹಾಗೆ ನಿಜ ಒಂದೊಂದೇ ಚೂರು ಹೊರಬರುತ್ತೆ. ಪೊಲೀಸಿನವನೊಬ್ಬ ಸತ್ತವನ ಟೋಪಿ ತಂದು, ಹಿಮದಲ್ಲಿ ಉಯ್ಯಾಲೆ ಮೇಲೆ ಹಾಡ್ತಿದ್ದದ್ದನ್ನು ನೋಡಿದೆ ಅಂತಾನೆ. ನಿಮ್ಮ ಫೋನಿಗೆ ಬಂದ ದೃಶ್ಯ ಇದೇ. ಆ ಕುಡುಕರ ಕೂಟದ ಮಧ್ಯೆ ಬರೋ ನೆನಪು. ಅದನ್ನು ಕೇಳಿ ಎಲ್ಲರೂ ಅಳ್ತಾರೆ, ನಾಳೆಯಿಂದ ನಾವೂ ಅವನ ಹಾಗೆ ಅಂತ ಆಣೆ ಮಾಡ್ತಾರೆ. ಮಾರನೇ ದಿನ ಆಫೀಸಿಗೆ ದೂರೊಂದು ಬರುತ್ತೆ. ಹೊಸ ಮುಖ್ಯಸ್ಥ ಅದನ್ನು ಬೇರೆ ವಿಭಾಗಕ್ಕೆ ದಾಟಿಸ್ತಾನೆ. ಕಿಮುರಾ ಅನ್ನೋ ಹುಡುಗ ಒಬ್ಬನೇ ಕುರ್ಚಿಯಿಂದ ಎದ್ದು ನಿಲ್ತಾನೆ. ಎಲ್ಲರೂ ನೋಡ್ತಾರೆ. ಅವನು ಮತ್ತೆ ಕೂತು ಫೈಲಿನ ರಾಶಿಯ ಹಿಂದೆ ಮುಳುಗಿಹೋಗ್ತಾನೆ.

ಇದರಲ್ಲಿ ಝೆನ್ ಎಲ್ಲಿದೆ ಸ್ವಾಮಿ? ಇದು ಉಗಿತ. ಉಗಿದದ್ದು ವಾತಾನಾಬೆಗಲ್ಲ, ಸಾವಿನ ಮನೆಯಲ್ಲಿ ಕೂತ ಅಷ್ಟೂ ಜನಕ್ಕೆ. ಅಂದ್ರೆ ಸಿನಿಮಾ ನೋಡಿ ಕಣ್ಣೊರೆಸಿಕೊಂಡು ಸೋಮವಾರ ಲಾಗಿನ್ ಆಗೋ ನಮಗೆ.

ಈಗ 2022ರ ಬ್ರಿಟಿಷ್ ರೀಮೇಕ್ ‘ಲಿವಿಂಗ್’ ತಗೊಳ್ಳಿ. ಚಿತ್ರಕಥೆ ಕಜುಒ ಇಶಿಗುರೊ, ನಿರ್ದೇಶನ ಆಲಿವರ್ ಹರ್ಮನಸ್, ಮುಖ್ಯ ಪಾತ್ರದಲ್ಲಿ ಬಿಲ್ ನೈ. ಕೆಟ್ಟ ಸಿನಿಮಾ ಅಲ್ಲ. ಬಿಲ್ ನೈ ಅಂತೂ ನೋಡುವಂಥವನೇ. ಉದ್ದ 102 ನಿಮಿಷ. ಉಳಿತಾಯವಾದ 41 ನಿಮಿಷದಲ್ಲಿ ದೊಡ್ಡ ಪಾಲು ಆ ಕುಡುಕರ ಕೂಟದ್ದು. ಅದರ ಜಾಗಕ್ಕೆ ರೈಲು ಡಬ್ಬಿಯಲ್ಲಿ ಸಹೋದ್ಯೋಗಿಗಳ ಒಂದು ಚಿಕ್ಕ ಮಾತುಕತೆ ಬರುತ್ತೆ. ಆಣೆ ಉಳಿದಿದೆ, ಆಣೆ ಮುರಿಯೋದೂ ಉಳಿದಿದೆ. ಆದರೆ ಕ್ರಮ ನೋಡಿ. ಕುರೊಸಾವಾನಲ್ಲಿ ಮೊದಲು ಹಿಮ, ಹಾಡು. ಆಮೇಲೆ ಆಣೆ, ಆಮೇಲೆ ಫೈಲಿನ ರಾಶಿ. ‘ಲಿವಿಂಗ್’ನಲ್ಲಿ ಫೈಲಿನ ರಾಶಿ ಮುಂಚೆ ಬಂದು, ಹಿಮ ಮತ್ತು ಹಾಡನ್ನು ಕೊನೆಗೆ ಎತ್ತಿಟ್ಟಿದ್ದಾರೆ. ಸಾಲದ್ದಕ್ಕೆ ಸತ್ತವನು ಕಿರಿಯ ಸಹೋದ್ಯೋಗಿಗೆ ಒಂದು ಕಾಗದ ಬರೆದಿಟ್ಟಿರ್ತಾನೆ, ಬೇಸರವಾದಾಗ ಆ ಪಾರ್ಕನ್ನು ನೆನೆಸಿಕೋ ಅಂತ. ಆ ಹುಡುಗನಿಗೊಂದು ಪ್ರೀತಿಯೂ ದಕ್ಕುತ್ತೆ. ಕಿಮುರಾಗೆ ಕಾಗದ ಇಲ್ಲ, ಹುಡುಗಿ ಇಲ್ಲ. ಸೇತುವೆ ಮೇಲೆ ನಿಂತು ಮಕ್ಕಳು ಆಡೋದನ್ನ ನೋಡಿ ಮನೆ ದಾರಿ ಹಿಡೀತಾನೆ. ಎರಡರಲ್ಲೂ ಹೆಚ್ಚುಕಮ್ಮಿ ಅವೇ ದೃಶ್ಯಗಳು. ಒಂದನ್ನು ಮೇಲಿಂದ ಕೆಳಗೆ ಸರಿಸಿದ್ದಕ್ಕೇ ಆಫೀಸಿನ ಬಗ್ಗೆ ಇದ್ದ ಸಿನಿಮಾ ಒಬ್ಬ ಒಳ್ಳೇ ಮನುಷ್ಯನ ಬಗ್ಗೆ ಆಗಿಹೋಯ್ತು.

ಒಂದು ಉದಾಹರಣೆ ಸಾಲದು ಅನ್ನೋರಿಗೆ ‘ಸೆವೆನ್ ಸಮುರಾಯ್’ (1954) ಮತ್ತು ಅದರ ಅಮೆರಿಕನ್ ರೀಮೇಕ್ ‘ದಿ ಮ್ಯಾಗ್ನಿಫಿಸೆಂಟ್ ಸೆವೆನ್’ (1960). ಒಂದು 207 ನಿಮಿಷ, ಇನ್ನೊಂದು 128. ಜಪಾನೀ ಚಿತ್ರದ ರೈತರು ಸಮುರಾಯ್‌ಗಳಿಗೆ ಬಿಳಿ ಅನ್ನ ಬಡಿಸಿ ತಾವು ಒರಟು ಧಾನ್ಯ ತಿಂತಾರೆ. ನೆಂಟರಿಗೆ ಅನ್ನ, ನಮಗೆ ಮುದ್ದೆ ಅನ್ನೋ ಮನೆಯಿಂದ ಬಂದವನಿಗೆ ಈ ಲೆಕ್ಕ ವಿವರಿಸಬೇಕಿಲ್ಲ. ಆದರೆ ಕುರೊಸಾವಾ ಅಲ್ಲಿಗೆ ಬಿಡಲ್ಲ. ಇದೇ ಪಾಪದ ರೈತರು ಸೋತು ಓಡಿಬಂದ ಸಮುರಾಯ್‌ಗಳನ್ನು ಕೊಂದು ದೋಚಿದ ಕವಚಗಳನ್ನು ಬಚ್ಚಿಟ್ಟಿರ್ತಾರೆ. ಅದು ಹೊರಬಿದ್ದಾಗ ಸಮುರಾಯ್‌ಗಳ ಮುಖ ಕಪ್ಪಿಡುತ್ತೆ. ಆಗ ರೈತನ ಮಗ ಕಿಕುಚಿಯೊ (ತೊಶಿರೊ ಮಿಫುನೆ) ಸಿಡೀತಾನೆ: ರೈತರು ಸುಳ್ಳರು, ಜಿಪುಣರು, ಕೊಲೆಗಡುಕರು ಹೌದು, ಹಾಗೆ ಮಾಡಿದ್ದು ಯಾರು, ನೀವೇ ಅಲ್ವಾ ಅಂತ. ಹಳ್ಳಿಯನ್ನು ಇಷ್ಟು ಪ್ರಾಮಾಣಿಕವಾಗಿ ನೋಡಿದ ಸಿನಿಮಾ ನಮ್ಮಲ್ಲೂ ಕಮ್ಮಿ. ನಮಗೆ ರೈತ ಅಂದ್ರೆ ದೇವರು ಇಲ್ಲವೇ ಹೆಣ.

ಅಮೆರಿಕನ್ ಚಿತ್ರ ಚಿತ್ರೀಕರಣವಾದದ್ದು ಮೆಕ್ಸಿಕೊದಲ್ಲಿ. ತಮ್ಮ ರೈತರು ದುರ್ಬಲರಾಗಿ ಕಾಣಬಾರದು ಅಂತ ಅಲ್ಲಿನ ಸೆನ್ಸಾರ್‌ನವರು ಪಟ್ಟು ಹಿಡಿದರು. ಹಾಗಾಗಿ ಆ ರೈತರು ಬಂದೂಕಿನವರನ್ನು ಬಾಡಿಗೆಗೆ ತರಲು ಹೋಗೋದೇ ಇಲ್ಲ, ಬಂದೂಕು ಕೊಳ್ಳಲು ಹೋಗ್ತಾರೆ. ಕಿಕುಚಿಯೊನ ಆ ಸಿಟ್ಟಿನ ಮಾತು ಇಲ್ಲಿ ಚಿಕೊ ಅನ್ನೋ ಹುಡುಗನ ಬಾಯಲ್ಲಿ ಉಳಿದಿದೆ, ನಿಜ. ಆದರೆ ಆ ಮಾತಿಗೆ ಭಾರ ಕೊಟ್ಟ ಕವಚಗಳಿಲ್ಲ. ಕೊನೆಯಲ್ಲಿ ಚಿಕೊ ಹಳ್ಳಿಗೆ ವಾಪಸ್ ಹೋಗಿ, ಬಂದೂಕು ಬಿಚ್ಚಿಟ್ಟು, ಪ್ರೀತಿಸಿದವಳ ಪಕ್ಕ ಕೆಲಸಕ್ಕೆ ಕೂರ್ತಾನೆ. ಕುರೊಸಾವಾನ ಚಿತ್ರದಲ್ಲಿ ಆ ಹುಡುಗಿ ಕಿರಿಯ ಸಮುರಾಯ್‌ನನ್ನು ದಾಟಿಕೊಂಡು ನಾಟಿ ಗದ್ದೆಗೆ ಇಳೀತಾಳೆ. ಅವನು ನಿಂತೇ ಇರ್ತಾನೆ. ಜಾತಿ ಅನ್ನೋದು ಒಂದು ಯುದ್ಧ ಗೆದ್ದಿದ್ದಕ್ಕೆ ಕರಗಲ್ಲ ಅಂತ ನಮಗೂ ಗೊತ್ತಿರೋದೇ ತಾನೆ?

ಇಷ್ಟು ಸಿಟ್ಟು ಎಲ್ಲಿಂದ ಬಂತು ಅಂತ ಕೇಳಿದರೆ ಧ್ಯಾನಮಂದಿರದ ಕಡೆ ಬೆರಳು ಮಾಡಬೇಡಿ. ಈ ಎರಡೂ ಚಿತ್ರ ಮಾಡಿದ್ದು ತೋಹೊ ಸ್ಟುಡಿಯೊ. 1948ರ ಆಗಸ್ಟ್‌ನಲ್ಲಿ ಅದೇ ಸ್ಟುಡಿಯೊದೊಳಗೆ ಮುಷ್ಕರ ಹೂಡಿ ಕೂತಿದ್ದ ನೌಕರರನ್ನು ಎಬ್ಬಿಸಲು ಪೊಲೀಸರ ಬೆನ್ನಿಗೆ ಅಮೆರಿಕನ್ ಸೇನೆಯ ಟ್ಯಾಂಕ್‌ಗಳು ಬಂದು ನಿಂತಿದ್ದವು. ಜಪಾನ್ ಮೇಲಿನ ಆ ಸೇನೆಯ ಆಡಳಿತ ಮುಗಿದದ್ದು 1952ರ ಏಪ್ರಿಲ್‌ನಲ್ಲಿ, ‘ಇಕಿರು’ ತೆರೆಗೆ ಬಂದದ್ದು ಅದೇ ಅಕ್ಟೋಬರ್‌ನಲ್ಲಿ. ಸೋತ ದೇಶ, ಹಸಿದ ದೇಶ, ಅದೇ ಹಳೇ ಗುಮಾಸ್ತರು ಅದೇ ಹಳೇ ಸೀಲು ಹಿಡಿದು ಕೂತ ದೇಶ. ಅಲ್ಲಿ ಕೂತು ಮಾಡಿದ ಸಿನಿಮಾವನ್ನು ನಾವು ಎಪ್ಪತ್ತು ವರ್ಷದ ಮೇಲೆ ವಾರಾಂತ್ಯದ ಸ್ಪಾ ಮಾಡಿಕೊಂಡಿದ್ದೀವಿ.

‘ನಿಧಾನ’ ಅನ್ನೋ ಮಾತಿನ ಬಗ್ಗೆಯೂ ಒಂದಿಷ್ಟು. ಆ 50 ನಿಮಿಷ ನಿಧಾನ ಅನ್ನಿಸೋದು ಅಲ್ಲಿ ಏನೂ ನಡೆಯದೇ ಇರೋದಕ್ಕಲ್ಲ. ಅಲ್ಲಿ ನಡೀತಿರೋದು ಮೀಟಿಂಗ್. ಯಾರ ಕೆಲಸ, ಯಾರ ಹೆಸರು, ಯಾರ ತಪ್ಪು ಅಂತ ಸುತ್ತಿ ಸುತ್ತಿ ಅದೇ ಮಾತು. ವಾರಕ್ಕೆ ಹತ್ತು ಸಲ ಅದರಲ್ಲೇ ಕೂರೋ ನಮಗೆ ತೆರೆ ಮೇಲೆ ಅದೇ ಕಂಡರೆ ಕೈ ಫೋನಿನ ಕಡೆ ಹೋಗೋದು ಸಹಜ.

ಹಾಗಾಗಿ ಮುಂದಿನ ಸೋಮವಾರ ಯಾರಾದರೂ ಕಾಫಿ ಮೆಷಿನ್ ಹತ್ರ ‘ಇಕಿರು’ ಬಗ್ಗೆ ಶುರು ಮಾಡಿದರೆ ಒಂದೇ ಪ್ರಶ್ನೆ ಕೇಳಿ: ಎದ್ದು ನಿಂತ ಆ ಹುಡುಗನ ಹೆಸರೇನು? ತಡವರಿಸಿದರೆ, ಅವರು ಸಿನಿಮಾ ನೋಡಿಲ್ಲ, ರೀಲ್ ನೋಡಿದ್ದಾರೆ.