ಕಂಪನಿ ಖರ್ಚಿನಲ್ಲಿ ಸೈಬರ್ ಸುರಕ್ಷತೆಯ ಎಂ.ಟೆಕ್.: ಓದಬೇಕೇ, ಬೇಡವೇ?

ಸೈಬರ್ ಸುರಕ್ಷತೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯಲು ಈಗ ಕೆಲಸ ಬಿಡಲೇಬೇಕೆಂದಿಲ್ಲ. ಐಐಟಿ ಕಾನ್ಪುರದ ಇ-ಮಾಸ್ಟರ್ಸ್ ಪದವಿಯನ್ನು ದುಡಿಯುತ್ತಲೇ ಒಂದರಿಂದ ಮೂರು ವರ್ಷದೊಳಗೆ ಮುಗಿಸಬಹುದು. ಅಮೆರಿಕದ ಜಾರ್ಜಿಯಾ ಟೆಕ್ 2019ರಲ್ಲಿ ಆರಂಭಿಸಿದ ಆನ್‌ಲೈನ್ ಪದವಿಯ ಒಟ್ಟು ಶುಲ್ಕ ಆಗ 10,000 ಡಾಲರಿನೊಳಗಿತ್ತು. ಇಂಥ ಶುಲ್ಕವನ್ನು ಕಂಪನಿಯೇ ಕಟ್ಟುವುದೂ ಉಂಟು. ಪ್ರತಿಯಾಗಿ, ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲವೆಂದು ಉದ್ಯೋಗಿ ಬಾಂಡ್ ಬರೆದುಕೊಡಬೇಕಾಗುತ್ತದೆ. ಬಿಸಿಎ, ಬಿಎಸ್ಸಿ ಪದವೀಧರರನ್ನು ಸೇರಿಸಿಕೊಂಡು ಎಂ.ಟೆಕ್. ಓದಿಸುವ ವಿಪ್ರೊ ಯೋಜನೆಯ ಪ್ರಕಟಣೆಗಳಲ್ಲಿ ಈ ಅವಧಿ 60 ತಿಂಗಳು. ಈ ಕರಾರಿಗೆ ಒಪ್ಪಿ ಓದುವುದು ಲಾಭವೇ?

ಪರ

ಮೊದಲ ವಾದ ಹಣದ್ದು. ಪೂರ್ಣಾವಧಿ ಎಂ.ಟೆಕ್. ಸೇರಿದವರು ಶುಲ್ಕದ ಜೊತೆಗೆ ಎರಡು ವರ್ಷದ ಸಂಬಳವನ್ನೂ ಬಿಟ್ಟುಕೊಡುತ್ತಾರೆ. ಕಂಪನಿ ಓದಿಸಿದರೆ ಎರಡೂ ಉಳಿಯುತ್ತವೆ. ಶಿಕ್ಷಣ ಸಾಲದ ಕಂತೂ ಇರುವುದಿಲ್ಲ.

ಎರಡನೆಯದು ಬುನಾದಿಯ ಮಾತು. ಕೆಲಸದಲ್ಲಿ ಕಲಿಯುವುದು ಬಹುಮಟ್ಟಿಗೆ ಟೂಲ್‌ಗಳನ್ನು. 2021ರ ಡಿಸೆಂಬರಿನಲ್ಲಿ ಬಯಲಾದ ಲಾಗ್‌ಫೋರ್‌ಜೆ ಎಂಬ ಲಾಗಿಂಗ್ ತಂತ್ರಾಂಶದ ದೋಷದಲ್ಲಿ, ಲಾಗ್‌ಗೆ ಬರೆಯಲು ಬಂದ ಒಂದು ಸಾಲೇ ಹೊರಗಿನ ಸರ್ವರ್‌ನಿಂದ ಕೋಡ್ ತಂದು ಓಡಿಸಬಲ್ಲುದಾಗಿತ್ತು. ಅದು ಹೇಗೆಂದು ಬಲ್ಲವರು ಸ್ಕ್ಯಾನರ್ ಅಪ್‌ಡೇಟ್‌ಗೆ ಕಾಯದೆ ತಮ್ಮ ವ್ಯವಸ್ಥೆಗಳಲ್ಲಿ ಹುಡುಕಬೇಕಾದ ಜಾಗವನ್ನು ಗುರುತಿಸಬಹುದಿತ್ತು. 2024ರ ಆಗಸ್ಟಿನಲ್ಲಿ ಅಮೆರಿಕದ ನಿಸ್ಟ್ ಸಂಸ್ಥೆ ಕ್ವಾಂಟಮ್ ದಾಳಿಯನ್ನು ತಡೆಯುವ ಗೂಢಲಿಪಿಯ ಮೂರು ಮಾನದಂಡಗಳನ್ನು ಅಂತಿಮಗೊಳಿಸಿತು. ಅವುಗಳ ಹಿಂದಿನ ಗಣಿತವನ್ನು ಶಿಫ್ಟ್‌ಗಳ ನಡುವೆ ಒಬ್ಬರೇ ಕೂತು ಕಲಿಯುವುದು ಕಷ್ಟ. ತರಗತಿ, ಪರೀಕ್ಷೆಗಳ ಕಟ್ಟುಪಾಡು ಅಲ್ಲಿ ನೆರವಿಗೆ ಬರುತ್ತದೆ.

ಮೂರನೆಯದು, ಮೇಲಿನ ಹುದ್ದೆಗಳ ಸ್ವರೂಪ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರಲ್ಲಿ ಹೊರಡಿಸಿದ ನಿರ್ದೇಶನದಂತೆ ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿವರೆಗೆ ಇದೆ. ತಂತ್ರಜ್ಞಾನ, ಕಾನೂನು, ಅಪಾಯದ ಲೆಕ್ಕ ಮೂರನ್ನೂ ಬಲ್ಲವರು ಬೇಕಾದಾಗ ಪದವಿಯ ವಿಸ್ತಾರ ಉಪಯೋಗಕ್ಕೆ ಬರುತ್ತದೆ. ಅಲ್ಲದೆ ಸೈಬರ್ ಸುರಕ್ಷತಾ ವೃತ್ತಿಪರರು ಪಡೆಯುವ ಸಿಐಎಸ್‌ಎಸ್‌ಪಿ ಪ್ರಮಾಣಪತ್ರ ಉಳಿಯಬೇಕಾದರೆ ಮೂರು ವರ್ಷಕ್ಕೆ 120 ಕಲಿಕಾ ಅಂಕ ಗಳಿಸಬೇಕು. ಪದವಿಗೆ ನವೀಕರಣದ ಗೊಡವೆಯಿಲ್ಲ.

ವಿರೋಧ

ಹಣ ಉಳಿಯುತ್ತದೆಂಬ ವಾದ ಬಾಂಡನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಾಂಡಿಗೆ ಕಾನೂನಿನ ಬಲವಿಲ್ಲ ಎಂಬ ನಂಬಿಕೆ ಅಪಾಯಕಾರಿ. ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಮೂರು ವರ್ಷ ಪೂರೈಸದೆ ಹೋದವರು 2 ಲಕ್ಷ ರೂಪಾಯಿ ಕೊಡಬೇಕೆಂಬ ಷರತ್ತನ್ನು ಕರ್ನಾಟಕ ಹೈಕೋರ್ಟ್ ಒಪ್ಪಿರಲಿಲ್ಲ; 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತನ್ನು ಎತ್ತಿಹಿಡಿಯಿತು. 1872ರ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ, ಕರಾರಿನಲ್ಲಿ ಬರೆದ ಮೊತ್ತವನ್ನು ಮೀರದ, ನ್ಯಾಯೋಚಿತವಾದ ಪರಿಹಾರ ಮಾತ್ರ ಸಲ್ಲುತ್ತದೆ. ಆದರೆ ಅದನ್ನು ತೀರ್ಮಾನಿಸಿಕೊಳ್ಳಲು ಕೋರ್ಟಿಗೆ ಅಲೆಯಬೇಕಾಗಬಹುದು. ಕಂಪನಿ ಬದಲಿಸಿದಾಗಲೇ ಸಂಬಳ ಹೆಚ್ಚು ಏರುವ ಈ ಕ್ಷೇತ್ರದಲ್ಲಿ, ಒಂದೇ ಕಡೆ ಕಟ್ಟಿಬಿದ್ದ ವರ್ಷಗಳ ನಷ್ಟ ಶುಲ್ಕವನ್ನೇ ಮೀರಬಹುದು.

ಬುನಾದಿ ಬೇಕು ನಿಜ. ಆದರೆ ಎಲ್ಲ ಹುದ್ದೆಗಳೂ ಪದವಿಯನ್ನು ಒಂದೇ ರೀತಿ ತೂಗುವುದಿಲ್ಲ. ಅನುಮತಿ ಪಡೆದು ವ್ಯವಸ್ಥೆಗೆ ನುಗ್ಗಿ ದೋಷ ಹುಡುಕುವ ಪೆನ್ ಟೆಸ್ಟಿಂಗ್‌ನಲ್ಲಿ ಹೆಸರಾದ ಒಎಸ್‌ಸಿಪಿ ಪರೀಕ್ಷೆ ಸುಮಾರು 24 ಗಂಟೆ ಲ್ಯಾಬಿನಲ್ಲಿ ಯಂತ್ರಗಳಿಗೆ ನುಗ್ಗಿ ತೋರಿಸುವ ಪರೀಕ್ಷೆ. ಅಲ್ಲಿ ಪದವಿಯನ್ನು ಯಾರೂ ಕೇಳುವುದಿಲ್ಲ. ಸಿಐಎಸ್‌ಎಸ್‌ಪಿ ಎಂಟು ವಿಭಾಗಗಳಲ್ಲಿ ಕನಿಷ್ಠ ಎರಡರಲ್ಲಿ ಐದು ವರ್ಷದ ಅನುಭವ ಬೇಡುತ್ತದೆ. ಅದರಲ್ಲಿ ಒಂದು ವರ್ಷದ ವಿನಾಯಿತಿ ಕಂಪ್ಯೂಟರ್ ಬಿ.ಇ. ಪದವಿಯಿಂದಲೇ ಸಿಗಬಹುದು, ಅಂಥವರಿಗೆ ಎಂ.ಟೆಕ್. ಮತ್ತೊಂದು ವರ್ಷವನ್ನು ಸೇರಿಸುವುದಿಲ್ಲ.

ಸಮಯದ ಬೆಲೆಯೂ ಇದೆ. ರಾತ್ರಿ ಪಾಳಿಯಲ್ಲಿ ಅಲರ್ಟ್‌ಗಳನ್ನು ನೋಡುವ ವಿಶ್ಲೇಷಕರಿಗೆ ವಾರಾಂತ್ಯದ ತರಗತಿಯೆಂದರೆ ವಿಶ್ರಾಂತಿಯ ದಿನಗಳನ್ನೇ ಕಳೆದುಕೊಂಡಂತೆ. ಓದು ಹಿಂದೆ ಬಿದ್ದು ಪದವಿ ಅರ್ಧಕ್ಕೆ ನಿಂತರೆ, ಕಟ್ಟಿದ ಶುಲ್ಕವನ್ನು ಸಂಬಳದಿಂದ ಕಡಿತ ಮಾಡುವ ಷರತ್ತೂ ಇರಬಹುದು.

ತೂಗಿ ನೋಡಿದಾಗ

ಬಿಸಿಎ ಅಥವಾ ಬಿಎಸ್ಸಿ ಮಾಡಿ ಎಂಜಿನಿಯರಿಂಗ್ ಪದವಿಯಿಲ್ಲದೆ ಹಿಂದುಳಿದವರಿಗೆ, ಸಂಶೋಧನೆ, ಬೋಧನೆ ಅಥವಾ ಭದ್ರತಾ ಆರ್ಕಿಟೆಕ್ಚರ್ ಕಡೆಗೆ ಹೊರಟವರಿಗೆ ಪರವಾದ ವಾದವೇ ಹೆಚ್ಚು ತೂಗುತ್ತದೆ. ಬಿ.ಇ. ಮುಗಿಸಿ ಪೆನ್ ಟೆಸ್ಟಿಂಗ್‌ನಲ್ಲಿ ಕೈ ಪಳಗಿಸಿಕೊಂಡು ಬೇರೆ ಕಂಪನಿಗೆ ಹೋಗುವ ಯೋಚನೆಯಲ್ಲಿರುವವರಿಗೆ ವಿರೋಧದ ವಾದ ಸರಿ. ಇವೆರಡರ ನಡುವೆ ಇರುವವರಿಗೆ ಅಳತೆಗೋಲು ಬಾಂಡೇ: ಓದು ಇಲ್ಲದಿದ್ದರೂ ಅಷ್ಟು ವರ್ಷ ಅದೇ ಕಂಪನಿಯಲ್ಲಿ ಉಳಿಯುವ ಮನಸ್ಸಿದ್ದರೆ ಒಪ್ಪಬಹುದು.

ಸಹಿಗೆ ಮುನ್ನ ಮೂರು ಅಂಶಗಳನ್ನು ನೋಡಬೇಕು. ಕಂಪನಿಯೇ ಕೆಲಸದಿಂದ ತೆಗೆದರೆ ಹಣ ಹಿಂತಿರುಗಿಸಬೇಕೇ? ಸೇವೆ ಸಲ್ಲಿಸಿದಷ್ಟೂ ಬಾಕಿ ತಗ್ಗುತ್ತದೆಯೇ? ಅವಧಿಯ ಎಣಿಕೆ ಪ್ರವೇಶದ ದಿನದಿಂದಲೋ, ಪದವಿ ಮುಗಿದ ದಿನದಿಂದಲೋ? ಎರಡು ವರ್ಷದ ಓದಿನಲ್ಲಿ ಈ ಕೊನೆಯ ಅಂಶವೊಂದೇ ಬಾಂಡನ್ನು ಎರಡು ವರ್ಷ ಹಿಗ್ಗಿಸಬಲ್ಲುದು.